ಮೊದಲ ಏಟು ಯಾರದು?

ಹುಡುಗಿಯರಿಗೆ ಕೂಗಲು ಬರುವುದಿಲ್ಲ ಎಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೆ ಗೊತ್ತೇ ಇರಲಿಲ್ಲ. ತರಗತಿಯಲ್ಲಿ ಅವರ ಗಲಾಟೆ ಅಡಗಿಸಲು ಮೇಜು ಕುಟ್ಟಿ ಕುಟ್ಟಿ ಎಷ್ಟೋ ಡಸ್ಟರುಗಳನ್ನು ಹಾಳು ಮಾಡಿದವಳು ನಾನು. ಆದರೆ 2018ರ ಚಳಿಗಾಲದ ಒಂದು ಬೆಳಿಗ್ಗೆ ಕರಾಟೆ ಮಾಸ್ಟರು ಅವರನ್ನೆಲ್ಲ ಮೈದಾನದಲ್ಲಿ ಮೂರು ಸಾಲಾಗಿ ನಿಲ್ಲಿಸಿ, "ಗುದ್ದುವಾಗ ಹೊಟ್ಟೆ ಒಳಗಿಂದ ಕೂಗಬೇಕು. ಎಲ್ಲಿ, ಕೂಗ್ರಮ್ಮ ನೋಡಣ" ಎಂದರೆ ಒಬ್ಬಳ ಬಾಯಿಂದಲೂ ದನಿ ಹೊರಡಲಿಲ್ಲ. ಕೆಲವರು ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕರು. ಕೆಲವರು ಪಕ್ಕದವಳು ಕೂಗಲಿ ಎಂದು ಅವಳ ಮುಖ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ "ಹಾ" ಎಂದಳು. ದೇವರ ಮುಂದೆ ಆಕಳಿಸಿದ ಹಾಗೆ.

"ಬಾಯೇ ಬರಲ್ಲ ಸಾರ್" ಎಂದಳು ಮುಂದಿನ ಸಾಲಿನ ಹುಡುಗಿ. ಒಂಬತ್ತನೇ ತರಗತಿಯವಳು, ಸಣಕಲು ಮೈ, ಎರಡು ಜಡೆ. ಅವಳ ಹೆಸರು ಇಲ್ಲಿ ಬೇಡ. ಶಾಲೆಯ ಹೆಸರೂ ಬೇಡ. ನಾನು ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಒಂದು ಶಾಲೆ ಎಂದಷ್ಟೇ ತಿಳಿದುಕೊಳ್ಳಿ. ಹೆಣ್ಣುಮಕ್ಕಳ ತರಬೇತಿ ನಡೆಯುವಾಗ ಒಬ್ಬ ಶಿಕ್ಷಕಿ ಜೊತೆಯಲ್ಲಿರಬೇಕೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನೋಟ್ಸು ತಿದ್ದುತ್ತ ಕುಳಿತಿರುತ್ತಿದ್ದೆ.

2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಆ ಘೋರ ನಮ್ಮೆಲ್ಲರ ನಿದ್ದೆ ಕೆಡಿಸಿದ ಮೇಲೆ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಇಂಥ ತರಬೇತಿ ಹೆಚ್ಚಾಯಿತು. ಈಗ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ರಾಣಿ ಲಕ್ಷ್ಮೀಬಾಯಿಯ ಹೆಸರಿದೆ, ನಮ್ಮ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿದೆ. ಮೂರು ತಿಂಗಳ ಪಾಠ. ಮೂರು ತಿಂಗಳಲ್ಲಿ ಏನು ಬರುತ್ತದೆ ಎಂದು ನಗುವವರುಂಟು, ನಾನೂ ನಕ್ಕವಳೇ. ಮೂರು ತಿಂಗಳಲ್ಲಿ ಕೂಗಲು ಬಂತು. ಎರಡನೆಯ ತಿಂಗಳ ಕೊನೆಗೆ ಅವರು ಒಟ್ಟಿಗೆ ಕೂಗಿದರೆ ಹೊಂಗೆ ಮರದ ಗೊರವಂಕಗಳು ಎದ್ದು ಹಾರುತ್ತಿದ್ದವು. ಹೆಡ್‌ಮಾಸ್ಟರು ಕಚೇರಿಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಆ ಪ್ರಸಂಗ ನಡೆಯಿತು. ಬಸ್ ಸ್ಟಾಪಿನಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಈ ಎರಡು ಜಡೆಯ ಹುಡುಗಿಯ ಚೀಲ ಎಳೆಯುತ್ತಿದ್ದನಂತೆ. ಒಂದು ದಿನವಲ್ಲ, ಮೂರು ವಾರ. ಕೊನೆಗೊಂದು ಸಂಜೆ ಚೀಲ ಬಿಟ್ಟು ಜಡೆಗೆ ಕೈ ಹಾಕಿದ. ಅವಳು ತಿರುಗಿ ಅವನ ಮಣಿಕಟ್ಟು ಹಿಡಿದು ತಿರುಚಿ ಎದೆಗೊಂದು ಗುದ್ದಿದಳು. ಹುಡುಗ ಮಣ್ಣಿನಲ್ಲಿ ಕುಳಿತ. ಮೂಳೆಯೇನೂ ಮುರಿಯಲಿಲ್ಲ, ಮಾನ ಮುರಿಯಿತು. ಮಾರನೆಯ ದಿನ ಅವನ ಅಪ್ಪ, ಚಿಕ್ಕಪ್ಪ, ಊರಿನ ಇನ್ನಿಬ್ಬರು ದೊಡ್ಡವರು ಬಂದು ಕಚೇರಿಯಲ್ಲಿ ಕುಳಿತರು.

ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆದ ರೀತಿಯನ್ನು ನಾನು ಮರೆತಿಲ್ಲ. ಹುಡುಗ ಮಾಡಿದ್ದು ಸರಿ ಎಂದು ಯಾರೂ ಹೇಳಲಿಲ್ಲ. ಆದರೆ ಹುಡುಗಿ ತಪ್ಪಿದ್ದು ಕರಾಟೆಯ ಧರ್ಮಕ್ಕೇ ಎಂದರು. ಕರಾಟೆ ಸಂಯಮ ಕಲಿಸುವ ವಿದ್ಯೆ, ಅದರಲ್ಲಿ ಮೊದಲು ಕೈ ಎತ್ತುವಂತಿಲ್ಲ, ಕಲಿತ ವಿದ್ಯೆಯನ್ನು ಬೀದಿಯಲ್ಲಿ ತೋರಿಸಿದಳಲ್ಲ ಎಂದರು. ಮಾಸ್ಟರೂ ತಲೆ ತಗ್ಗಿಸಿ, "ಹೌದು, ಮೊದಲ ಏಟು ನಮ್ಮದಾಗಬಾರದು ಅಂತಲೇ ನಾವು ಹೇಳಿಕೊಡೋದು" ಎಂದರು. ಹುಡುಗಿ ಕ್ಷಮಾಪಣೆ ಪತ್ರ ಬರೆದುಕೊಡಬೇಕೆಂದು ತೀರ್ಮಾನವಾಯಿತು. ಅವಳು ಪೆನ್ನು ಹಿಡಿದು ಅರ್ಧ ಗಂಟೆ ಕುಳಿತರೂ ಒಂದು ಸಾಲು ಬರೆಯಲಿಲ್ಲ. ಹೊತ್ತಾಗುತ್ತಿತ್ತು. ಕೊನೆಗೆ ನಾನೇ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಅವಳು ಕೆಳಗೆ ಸಹಿ ಮಾಡಿದಳು.

ಕರಾಟೆಯ ಧರ್ಮವೆಂದರೆ ಏನು ಎಂದು ಹುಡುಕಿಕೊಂಡು ಹೋದದ್ದು ಆಮೇಲೆ. ಬರೆದುಕೊಟ್ಟ ಕೈ ಸುಮ್ಮನಿರಗೊಡಲಿಲ್ಲ.

ನಮ್ಮ ಸಹೋದ್ಯೋಗಿಯೊಬ್ಬರ ಮಗ ತುಮಕೂರಿನಲ್ಲಿ ಕರಾಟೆ ಕಲಿಯುತ್ತಿದ್ದ. ಅವನ ಹತ್ತಿರ 'ಕರಾಟೆ-ಡೋ: ಮೈ ವೇ ಆಫ್ ಲೈಫ್' ಎಂಬ ತೆಳ್ಳನೆಯ ಪುಸ್ತಕವಿತ್ತು. ಬರೆದವರು ಫುನಾಕೋಶಿ ಗಿಚಿನ್. ಈಗ ಜಗತ್ತಿನ ಮೂಲೆಮೂಲೆಯಲ್ಲಿ ಕಲಿಸುವ ಶೋಟೋಕಾನ್ ಪದ್ಧತಿಯ ಮೂಲಪುರುಷರು. 1868ರಲ್ಲಿ ಒಕಿನಾವಾ ದ್ವೀಪದ ಶುರಿಯಲ್ಲಿ ಹುಟ್ಟಿ 1957ರಲ್ಲಿ ಟೋಕಿಯೋದಲ್ಲಿ ತೀರಿಕೊಂಡವರು. ಬದುಕಿನ ಕೊನೆಯಲ್ಲಿ ಬರೆದ ಆತ್ಮಕಥೆ ಇದು, ಇಂಗ್ಲಿಷಿಗೆ ಬಂದದ್ದು 1975ರಲ್ಲಿ. ನನ್ನ ಇಂಗ್ಲಿಷು ಬಿ.ಎ. ಮಟ್ಟದ್ದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಅಡಿಗೆಮನೆ ತೊಳೆದ ಮೇಲೆ ಓದಿದೆ.

ಓದುತ್ತ ಮೊದಲು ಬೆರಗಾದದ್ದು, ಈತ ನಮ್ಮವನೇ ಎಂದು. ಜಟ್ಟಿಯಲ್ಲ, ಸೈನಿಕನಲ್ಲ, ಪ್ರಾಥಮಿಕ ಶಾಲೆಯ ಮೇಷ್ಟ್ರು! ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವರು. ಶುರುವಿನಲ್ಲಿ ತಿಂಗಳಿಗೆ ಮೂರು ಯೆನ್ ಸಂಬಳ, ಮನೆಯಲ್ಲಿ ಉಣ್ಣುವ ಬಾಯಿ ಹತ್ತು. ಹುಟ್ಟುವಾಗಲೇ ಬಡಕಲು ಕೂಸು, ಹೆಚ್ಚು ದಿನ ಬದುಕಲಾರದೆಂದು ಎಲ್ಲರೂ ಎಣಿಸಿದ್ದರಂತೆ. ಜೊತೆಯಲ್ಲಿ ಓದುತ್ತಿದ್ದ ಹುಡುಗನ ತಂದೆ ಅಜಾತೋ ಎಂಬವರಿಂದ ಕರಾಟೆ ಕಲಿಯತೊಡಗಿದರು. ಆಗ ಅದು ಗುಟ್ಟಿನ ವಿದ್ಯೆ, ರಾತ್ರಿ ಹೋಗಿ ಕಲಿತು ಬೆಳಕು ಹರಿಯುವ ಮುಂಚೆ ಮನೆ ಸೇರಬೇಕು. ಅಕ್ಕಪಕ್ಕದವರು, ಈ ಮೇಷ್ಟ್ರು ರಾತ್ರಿಯೆಲ್ಲ ಎಲ್ಲಿಗೆ ಹೋಗಿಬರುತ್ತಾನೆ, ಸೂಳೆಗೇರಿಗೇ ಇರಬೇಕು ಎಂದು ಆಡಿಕೊಂಡರಂತೆ. ಊರು ಎಂದರೆ ಎಲ್ಲ ಕಡೆಯೂ ಊರೇ.

ಕಲಿಕೆಯೋ, ನಮ್ಮ ಹಳೆಯ ಕೂಲಿಮಠವನ್ನು ನೆನಪಿಸುತ್ತದೆ. ಕಟಾ ಎಂದರೆ ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಹೆಜ್ಜೆ-ಕೈಗಳ ಒಂದು ನಿಶ್ಚಿತ ಸರಣಿ. ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡಬೇಕು. ಗುರುಗಳು ಜಗುಲಿಯಲ್ಲಿ ಕುಳಿತು ಇನ್ನೊಮ್ಮೆ ಎನ್ನುತ್ತಾರೆ, ಮತ್ತೊಮ್ಮೆ ಎನ್ನುತ್ತಾರೆ. ಮೆಚ್ಚುಗೆ ಬಲು ಅಪರೂಪ. ಇನ್ನೊಬ್ಬ ಗುರು ಇತೋಸು; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರಾಟೆಯನ್ನು ಒಕಿನಾವಾದ ಶಾಲೆಗಳಿಗೆ ತಂದವರು ಅವರು. ಮಕ್ಕಳಿಗಾಗಿ ಐದು ಸುಲಭದ ಕಟಾಗಳನ್ನು ಕಟ್ಟಿದರು. ಫುನಾಕೋಶಿ ಆಮೇಲೆ ಅವಕ್ಕೆ 'ಹೆಯಾನ್' ಎಂದು ಹೆಸರಿಟ್ಟರು; ಶಾಂತಿ ಎಂಬ ಅರ್ಥದ ಮಾತು. ನಮ್ಮ ಮಾಸ್ಟರು ಮಕ್ಕಳಿಗೆ ಹೇಳಿಕೊಟ್ಟದ್ದೂ ಅದರಲ್ಲಿ ಮೊದಲನೆಯದನ್ನೇ. ಹೊಂಗೆ ಮರದ ಕೆಳಗೆ ಕುಳಿತು ನೋಡಿ ನೋಡಿ ನನಗೂ ಅದರ ಹೆಜ್ಜೆ ಬಾಯಿಪಾಠವಾಗಿತ್ತು. ಆ ಐದೂ ಕಟಾಗಳು ತಡೆಯುವ ಕೈಯಿಂದಲೇ ಶುರುವಾಗುತ್ತವೆ, ಹೊಡೆಯುವ ಕೈಯಿಂದಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದ ಮಾತಿಗೆ ಆಧಾರವಿಲ್ಲದೆ ಇಲ್ಲ.

ಕರಾಟೆ ಎಂಬ ಪದದ ಕಥೆಯೂ ಇದೆ. 'ಟೆ' ಎಂದರೆ ಕೈ. 'ಕರ' ಎಂಬುದನ್ನು ಮೊದಲು ಚೀನಾ ಎಂಬರ್ಥದ ಅಕ್ಷರದಿಂದ ಬರೆಯುತ್ತಿದ್ದರು. ಅದೇ ಉಚ್ಚಾರದ, ಬರಿದು ಎಂಬರ್ಥದ ಬೇರೆ ಅಕ್ಷರವನ್ನು ಬಳಕೆಗೆ ತರಲು ಫುನಾಕೋಶಿ ಪಟ್ಟುಹಿಡಿದರು. ಬರಿಗೈ ಎಂಬುದೊಂದು ಅರ್ಥ, ಸ್ವಾರ್ಥ ಕಳೆದ ಬರಿಮನಸ್ಸು ಎಂಬುದು ಇನ್ನೊಂದು. ಬೌದ್ಧರ ಶೂನ್ಯದ ಮಾತನ್ನು ಅವರು ಇಲ್ಲಿಗೆ ತರುತ್ತಾರೆ. ಅಲ್ಲಮನ ನಾಡಿನವರಾದ ನಮಗೆ ಇದು ಹತ್ತಿರದ್ದೇ ಎನಿಸಿ ಖುಷಿಯಾಗುತ್ತದೆ. ಆದರೆ ಇದೆಲ್ಲ ನಡೆದದ್ದು 1930ರ ದಶಕದಲ್ಲಿ, ಜಪಾನು ಚೀನಾದ ಮೇಲೆ ದಂಡೆತ್ತಿ ಹೋಗಿದ್ದ ಕಾಲದಲ್ಲಿ ಎಂಬುದನ್ನೂ ನೆನೆಯಬೇಕು. ಚೀನಾದ ಹೆಸರು ಅಳಿಸಿಹೋದದ್ದು ಬರೀ ವೇದಾಂತದಿಂದ ಎಂದು ನಂಬಲು ನನ್ನೊಳಗಿನ ಇತಿಹಾಸದ ಟೀಚರು ಒಪ್ಪುವುದಿಲ್ಲ.

ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗವೊಂದಿದೆ. ಹಿರಿಯರಿಗೆ ನೈವೇದ್ಯಕ್ಕೆಂದು ಮಂಜು ಎಂಬ ಸಿಹಿ ಕಡುಬುಗಳನ್ನು ಕಟ್ಟಿಸಿಕೊಂಡು ಫುನಾಕೋಶಿ ರಾತ್ರಿ ದಾರಿಯಲ್ಲಿ ಬರುತ್ತಿದ್ದರು. ಇಬ್ಬರು ಅಡ್ಡಗಟ್ಟಿದರು. ಹೊಡೆದು ಕೆಡವುವುದು ಅವರಿಗೆ ಕಷ್ಟವಿರಲಿಲ್ಲ. ಅವರು ಗಂಟನ್ನೇ ಕೊಟ್ಟು ಮನೆಗೆ ಬಂದರು. ಈ ಸಂಗತಿ ಕೇಳಿ ಗುರುಗಳಿಬ್ಬರೂ ಮೆಚ್ಚಿದರು. ಹಾಗಾದರೆ ನೈವೇದ್ಯಕ್ಕೆ ಏನು ಮಾಡಿದೆ ಎಂದು ಅಜಾತೋ ಕೇಳಿದರೆ, ಮನಸ್ಸಿನಲ್ಲೇ ಪ್ರಾರ್ಥನೆ ಸಲ್ಲಿಸಿದೆ ಎಂದರಂತೆ. ನಿನಗೀಗ ಕರಾಟೆಯ ತಿರುಳು ತಿಳಿಯಿತು ಎಂಬ ಅರ್ಥದಲ್ಲಿ ಗುರುಗಳು ಮಾತಾಡಿದರು. ಎಷ್ಟು ಚೆಂದದ ಪ್ರಸಂಗ! ನಾನು ಅದನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಏನೋ ತೊಡಕಾಯಿತು.

ಆ ರಾತ್ರಿ ಅವರು ಬಿಟ್ಟುಕೊಟ್ಟದ್ದು ಒಂದು ಗಂಟು ಸಿಹಿ. ಬಿಟ್ಟುಕೊಡದೆ ಇರಬಲ್ಲ ಶಕ್ತಿ ಅವರ ಕೈಯಲ್ಲಿತ್ತು. ಅವರಿಗೂ ಅದು ಗೊತ್ತಿತ್ತು, ಗುರುಗಳಿಗೂ ಗೊತ್ತಿತ್ತು. ಆದ್ದರಿಂದಲೇ ಅದು ಸಂಯಮ. ಅದೇ ದಾರಿಯಲ್ಲಿ ಆ ಶಕ್ತಿಯಿಲ್ಲದ ಇನ್ನೊಬ್ಬ ಗಂಟು ಕೊಟ್ಟು ಬಂದಿದ್ದರೆ ಯಾವ ಗುರು ಬೆನ್ನು ತಟ್ಟುತ್ತಿದ್ದ? ಹೊಡೆಯಬಲ್ಲವನು ಹೊಡೆಯದಿರುವುದು ಒಂದು. ಹೊಡೆಯಲಾರದವಳು ಹೊಡೆಯದಿರುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರಿಟ್ಟು ನಾವು ಹೆಣ್ಣುಮಕ್ಕಳನ್ನು ಹೊಗಳುತ್ತ ಬಂದಿದ್ದೇವೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನೇ ನೋಡಿ. ಗಾದೆ ಇರುವುದು ಪುಲ್ಲಿಂಗದಲ್ಲಿ. ನಮ್ಮ ಮನೆಗಳಲ್ಲಿ ಅದನ್ನು ಹೇಳುವುದು ಮಾತ್ರ ಹೆಣ್ಣಿಗೆ. ವ್ಯಾಕರಣ ಪಾಠ ಮಾಡುವಾಗ ಇಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನದೊಂದು ಸಂಗತಿ ಹೇಳಿಬಿಡುತ್ತೇನೆ. ನಾನು ಬಿ.ಎಡ್. ಓದುವಾಗ ಹೆಬ್ಬೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬೆಳಗಿನ ಬಸ್ಸು ಎಂದರೆ ಕಾಲಿಡಲು ಜಾಗವಿಲ್ಲ. ಒಂದು ದಿನ ಹಿಂದಿನಿಂದ ಒಂದು ಕೈ. ನಾನು ಒಂದು ಹೆಜ್ಜೆ ಮುಂದೆ ಸರಿದೆ, ಕೈಯೂ ಸರಿಯಿತು. ಇನ್ನೊಂದು ಹೆಜ್ಜೆ ಸರಿದೆ. ಹೀಗೇ ಸರಿದು ಸರಿದು ಡ್ರೈವರಿನ ಬೆನ್ನಿಗೇ ಬಂದು ನಿಂತೆ. ಇನ್ನು ಸರಿಯಲು ಜಾಗವಿರಲಿಲ್ಲ. ಗೂಳೂರು ಬಂದ ಕೂಡಲೇ ಇಳಿದುಬಿಟ್ಟೆ. ದೀಪಾವಳಿ ಕಳೆದ ದಿನಗಳು, ಗೂಳೂರಿನ ಗಣಪ ಇನ್ನೂ ಕೂತಿದ್ದ. ಗಣಪನನ್ನು ನೋಡಲು ಇಳಿದವಳ ಹಾಗೆ ಹೋಗಿ ಕೈ ಮುಗಿದು ನಿಂತೆ. ಮುಂದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿತ್ತು. ಬಸ್ಸು ಕೆಟ್ಟಿತ್ತು ಎಂದು ಹೇಳಿದೆ. ಅಂದು ನಾನು ಕೂಗಲಿಲ್ಲ. ಅದು ಸಂಯಮವಾಗಿತ್ತೇ? ಬಾಯಿ ಬರಲಿಲ್ಲ, ಅಷ್ಟೇ. ಮನೆಯಲ್ಲಿ ಹೇಳಿದ್ದರೆ ಓದು ನಿಲ್ಲಿಸುತ್ತಿದ್ದರು. ಹೇಳಲೂ ಬಾಯಿ ಬರಲಿಲ್ಲ.

ಇದನ್ನು ಓದುತ್ತಿರುವ ನಿಮಗೂ ಇಂಥದೊಂದು ಗೂಳೂರು ಇದ್ದೇ ಇದೆ ಎಂದು ನಾನು ಬಲ್ಲೆ.

ಮೊದಲ ಏಟು ನಮ್ಮದಾಗಬಾರದು ಎಂಬ ಸೂತ್ರವನ್ನು ಫುನಾಕೋಶಿ ತಮ್ಮ ಇಪ್ಪತ್ತು ಸೂತ್ರಗಳಲ್ಲಿ ಎರಡನೆಯದಾಗಿ ಇಟ್ಟಿದ್ದಾರೆ. ನಮಸ್ಕಾರದಿಂದ ಶುರುವಾಗಿ ನಮಸ್ಕಾರದಿಂದ ಮುಗಿಯಬೇಕೆಂಬುದು ಮೊದಲನೆಯದು. ಆದರೆ 'ಮೊದಲ' ಎಂಬುದು ಯಾವಾಗ? ಇದರ ಬಗ್ಗೆ ಕರಾಟೆಯವರೊಳಗೇ ಜಗಳವಿದೆ. ಅದೇ ಒಕಿನಾವಾದಲ್ಲಿ ಹುಟ್ಟಿದ ಮೊತೋಬು ಚೋಕಿ, ಕರಾಟೆ ಎಂದರೇ ಮುಂಗೈ ಮಾಡುವುದು ಎಂಬ ವಾದದವರು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ನನಗೆ ಮೊತೋಬು ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಹೆಣ್ಣುಮಕ್ಕಳ ಕೈಗೆ ಬರುವ ಮುಂಚೆ ಅದು ಪುಂಡರ ಕೈಗೆ ಹೋಗಿರುತ್ತದೆ. ಆದರೆ ಫುನಾಕೋಶಿಯವರ ಸೂತ್ರವನ್ನು ಹಿಡಿದುಕೊಂಡೇ ಕೇಳುತ್ತೇನೆ: ಮೂರು ವಾರ ಚೀಲ ಎಳೆದದ್ದು ಏಟಲ್ಲವೇ? ಮೈಗೆ ತಾಗಿದ ಮೇಲೆಯೇ ಏಟು ಎಂದು ಎಣಿಸತೊಡಗಿದರೆ ಹೆಣ್ಣಿಗೆ ಬೀಳುವ ಮುಕ್ಕಾಲು ಪಾಲು ಏಟುಗಳು ಲೆಕ್ಕಕ್ಕೇ ಬರುವುದಿಲ್ಲ. ಅವಳ ಕೈ ಮೇಲೆದ್ದಾಗ ಮಾತ್ರ ಎಣಿಕೆ ಒಂದರಿಂದ ಶುರು. ಸರ್ಕಾರವೇ ತರಬೇತಿಗೆ ಹೆಸರು ಇಟ್ಟ ಓಬವ್ವನ ಮಾತು ನೋಡಿ. ಚಿತ್ರದುರ್ಗದ ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತವಳು ಮೊದಲ ಏಟಿಗಾಗಿ ಕಾದಿದ್ದರೆ ಅವಳ ಹೆಸರು ನಮಗೆ ಗೊತ್ತೇ ಇರುತ್ತಿರಲಿಲ್ಲ. ಶತ್ರು ಕಿಂಡಿಯಲ್ಲಿ ತಲೆ ತೂರಿಸಿದ್ದೇ ಮೊದಲ ಏಟು.

ಸರಿಸಮರ ನಡುವೆ ಈ ಸೂತ್ರ ಎಷ್ಟು ಘನವಾದದ್ದು ಎಂಬುದಕ್ಕೆ ಟೋಕಿಯೋ ಒಲಿಂಪಿಕ್ಸೇ ಸಾಕ್ಷಿ. ಅಲ್ಲಿ ಮೊದಲ ಬಾರಿಗೆ ಕರಾಟೆಗೆ ಜಾಗ ಸಿಕ್ಕಿತು. ಮುಂದೆ 2024ರ ಪ್ಯಾರಿಸ್‌ನಲ್ಲಿ ಅದಿರಲಿಲ್ಲ. 2021ರ ಆಗಸ್ಟ್ 7ರಂದು ಗಂಡಸರ ಹೆಚ್ಚಿನ ತೂಕದ ವಿಭಾಗದ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರು ಒದ್ದ ಒಂದು ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಎಚ್ಚರ ತಪ್ಪಿ ಬಿದ್ದು, ಸ್ಟ್ರೆಚರಿನಲ್ಲಿ ಹೋದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ! ಹಿಡಿತವಿಲ್ಲದ ಏಟು ಹಾಕಿದ್ದಕ್ಕೆ ಹಮೇದಿಯವರನ್ನು ಅನರ್ಹಗೊಳಿಸಿದರು. ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ದೊಡ್ಡ ಗಲಾಟೆಯಾಯಿತು. ಗೆದ್ದವನು ಸೋತದ್ದು ಹೇಗೆ ಎಂದು ತಮ್ಮನ ಮಗ ಅರ್ಥವಾಗದೆ ಕಾಲು ಬಡಿದ. ನನಗೆ ಮಾತ್ರ ಆ ತೀರ್ಪು ಸರಿ ಎನಿಸಿತು. ಚರ್ಮಕ್ಕೆ ತಾಗುವಷ್ಟರಲ್ಲಿ ಕೈ ನಿಲ್ಲಿಸಬಲ್ಲವನಿಗೇ ವಿದ್ಯೆ ಬಂದಿದೆ ಎಂದು ಎಣಿಸುವ ಆಟ ಅದು. ಆದರೆ ಅಲ್ಲಿ ಇಬ್ಬರೂ ಒಂದೇ ತೂಕದವರು, ಇಬ್ಬರೂ ಒಪ್ಪಿ ಬಂದವರು, ನಡುವೆ ನಿಂತು ನೋಡುವ ರೆಫರಿ ಇದ್ದಾನೆ. ಬಸ್ ಸ್ಟಾಪಿನಲ್ಲಿ ರೆಫರಿ ಎಲ್ಲಿದ್ದ? ಇದ್ದವರೆಲ್ಲ ಅಂಗಡಿ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು.

ನಮ್ಮ ಸಿನಿಮಾಗಳು ಈ ವಿಷಯದಲ್ಲಿ ಮಾಡಿದ ಉಪಕಾರ ಅಷ್ಟಕ್ಕಷ್ಟೇ. ನಾನು ಚಿಕ್ಕವಳಿದ್ದಾಗ ಕರಾಟೆ ಎಂದರೆ ಶಂಕರ್‌ನಾಗ್. 'ಸೀತಾರಾಮು' (1979), 'ಆಟೋ ರಾಜ' (1980) ಬಂದ ಕಾಲಕ್ಕೆ ಜನ ಅವರನ್ನು ಕರಾಟೆ ಕಿಂಗ್ ಎಂದು ಕರೆದರು. ನಮ್ಮ ಬೀದಿಯ ಹುಡುಗರು ಎರಡು ಮರದ ತುಂಡಿಗೆ ಸೈಕಲ್ ಚೈನು ಸಿಕ್ಕಿಸಿ ತಿರುಗಿಸಿ ತಮ್ಮ ಹಣೆಯನ್ನೇ ಒಡೆದುಕೊಳ್ಳುತ್ತಿದ್ದರು. ಅವರ ಮೊದಲ ಚಿತ್ರ 'ಒಂದಾನೊಂದು ಕಾಲದಲ್ಲಿ' (1978) ನಾನು ನೋಡಿದ್ದು ಬಹಳ ತಡವಾಗಿ, ಟಿ.ವಿ.ಯಲ್ಲಿ. ಗಿರೀಶ ಕಾರ್ನಾಡರು ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವದಲ್ಲಿ ಮಾಡಿದ್ದು. ಅದರಲ್ಲಿ ಕತ್ತಿಯನ್ನು ಬಾಡಿಗೆಗೆ ಕೊಟ್ಟ ಇಬ್ಬರು ಶತ್ರುಗಳು ಒಬ್ಬರ ವಿದ್ಯೆಯನ್ನು ಒಬ್ಬರು ಗೌರವಿಸುವುದಿದೆ, ಆ ವಿದ್ಯೆಯ ಬೆಲೆಯೇನು ಎಂಬ ಚಿಂತೆಯಿದೆ. ಕರಾಟೆಯ ಮೌಲ್ಯ ಕನ್ನಡದ ತೆರೆಗೆ ಬಂದದ್ದಿದ್ದರೆ, ಕರಾಟೆಯ ಹೆಸರೇ ಇಲ್ಲದ ಆ ಚಿತ್ರದಲ್ಲಿ ಬಂತು ಎನ್ನುತ್ತೇನೆ. ಉಳಿದವುಗಳಲ್ಲಿ ಹೆಣ್ಣು ಕೂಗುವುದುಂಟು, ನಾಯಕ ಬರಲಿ ಎಂದು. ಮುಂದೆ ಮಾಲಾಶ್ರೀ ತಾವೇ ಹೊಡೆದಾಡುವ ಪಾತ್ರಗಳಲ್ಲಿ ಬಂದಾಗ ನಾವು ಹೆಂಗಸರು ಚಿತ್ರಮಂದಿರದಲ್ಲಿ ಶಿಳ್ಳೆ ಹಾಕದಿದ್ದರೂ ಹಾಕಿದಷ್ಟೇ ಹಿಗ್ಗಿದ್ದೆವು.

ಪುಸ್ತಕಕ್ಕೆ ಮರಳುತ್ತೇನೆ. ಅದರಲ್ಲಿ ನನ್ನ ಮನಸ್ಸು ಹೆಚ್ಚಾಗಿ ನಿಂತದ್ದು ಮೇಷ್ಟ್ರ ಹತ್ತಿರವಲ್ಲ, ಮೇಷ್ಟ್ರ ಹೆಂಡತಿಯ ಹತ್ತಿರ. ಮೂರು ಯೆನ್ ಸಂಬಳದಲ್ಲಿ ಹತ್ತು ಜನರ ಸಂಸಾರ ನಡೆದದ್ದು ಹೇಗೆಂದರೆ, ಆಕೆ ಹಗಲು ತರಕಾರಿ ಬೆಳೆದು ರಾತ್ರಿ ಮಗ್ಗದ ಮುಂದೆ ಕುಳಿತು ಬಟ್ಟೆ ನೇಯ್ದದ್ದರಿಂದ. ಆಕೆಯೂ ನೋಡಿ ನೋಡಿ ಕರಾಟೆ ಕಲಿತಳು. ಕೆಲಸ ಮುಗಿಸಿ ದಣಿದಾಗ ಕಟಾ ಮಾಡುತ್ತಿದ್ದಳಂತೆ! ಕೇರಿಯಲ್ಲಿ ಜಗಳವಾದರೆ ಜನ ಆಕೆಯನ್ನು ಕರೆಯುತ್ತಿದ್ದರು. ಕುಡಿದು ಕಾದಾಡುವವರ ನಡುವೆ ಹೋಗಿ ನಿಂತು ಬಿಡಿಸಿ ಬುದ್ಧಿ ಹೇಳಿ ಕಳಿಸುತ್ತಿದ್ದಳು. ಯಾರ ಮೇಲೂ ಕೈ ಮಾಡದ ಕರಾಟೆ ಎಂದರೆ ಇದಲ್ಲವೇ? ಆ ಗಂಡಸರು ಆಕೆಯ ಮಾತು ಕೇಳಿದ್ದು ಆಕೆಯ ಕೈಯಲ್ಲಿ ಏನಿದೆ ಎಂದು ಗೊತ್ತಿದ್ದರಿಂದ ಎಂಬುದು ನನ್ನ ಗುಮಾನಿ. ಮೇಷ್ಟ್ರು ಈ ಸಂಗತಿಯನ್ನು ಅಭಿಮಾನದಿಂದಲೇ ಬರೆಯುತ್ತಾರೆ, ಆದರೆ ಬಹಳ ಬೇಗ ಮುಗಿಸುತ್ತಾರೆ.

1922ರಲ್ಲಿ ಅವರು ಪ್ರದರ್ಶನ ಕೊಡಲು ಟೋಕಿಯೋಗೆ ಹೋದವರು ಅಲ್ಲೇ ಉಳಿದರು. ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಕಸ ಗುಡಿಸಿ, ಕಾವಲು ಕಾದು, ಉಳಿದ ಹೊತ್ತಿನಲ್ಲಿ ಕರಾಟೆ ಕಲಿಸಿದರು. ಒಮ್ಮೆ ಪತ್ರಿಕೆಯವನೊಬ್ಬ ಬಂದು, ಗುಡಿಸುತ್ತಿದ್ದ ಇವರನ್ನೇ ಫುನಾಕೋಶಿ ಎಲ್ಲಿ ಎಂದು ಕೇಳಿದ. ಇವರು ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದು ನಾನೇ ಎಂದರು. ಇದನ್ನು ಓದಿದಾಗ ನನಗೆ ಅವರ ಮೇಲೆ ಮಮತೆ ಉಕ್ಕಿತು. ಆದರೆ ಹೆಂಡತಿ? ಬಾ ಎಂದು ಇವರು ಬರೆದರು. ಹಿರಿಯರ ಸಮಾಧಿ, ಪೂಜೆ ಬಿಟ್ಟು ಬರಲಾರೆ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಆಕೆ ಉಳಿದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ! ಟೋಕಿಯೋದಲ್ಲಿ ಶಿಷ್ಯರು ಗುರುಗಳ ಹೆಸರಿನಲ್ಲಿ ಕಟ್ಟಿದ ಡೋಜೋ, ಅಂದರೆ ಅವರ ಗರಡಿಮನೆ, 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅದೇ ವರ್ಷ ಒಕಿನಾವಾ ರಣರಂಗವಾಯಿತು. ಆಕೆ ಹೇಗೋ ಜೀವ ಉಳಿಸಿಕೊಂಡು ಕ್ಯೂಶು ದ್ವೀಪದ ಓಯಿತಾಗೆ ಬಂದಳು. ಮುದುಕರಿಬ್ಬರೂ ಅಲ್ಲಿ ಒಟ್ಟಿಗೆ ಸ್ವಲ್ಪ ಕಾಲ ಇದ್ದರು, ಕಡಲಪಾಚಿ ಆಯ್ದು ತಂದು ಉಂಡರು. 1947ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಪುಸ್ತಕದ ಹೆಸರಿನಲ್ಲಿರುವುದು ನನ್ನ ಜೀವನಮಾರ್ಗ ಎಂಬ ಮಾತು. ಆ ಮಾರ್ಗದ ಕೆಳಗೆ ಆಕೆ ಹಾಸಿದ ಕಲ್ಲುಗಳೆಷ್ಟು ಎಂದು ಲೆಕ್ಕ ಹಾಕುತ್ತ ಅವತ್ತು ನನಗೆ ನಿದ್ದೆ ಬರಲಿಲ್ಲ. ನಮ್ಮ ಊರಿನ ಗರಡಿಗೆ ತಮ್ಮ ಹೋಗುತ್ತಿದ್ದಾಗ ಅವನಿಗೆ ಹಾಲು ಒಯ್ಯುತ್ತಿದ್ದವಳು ನಾನು. ಹೊಸಿಲ ಆಚೆಯೇ ಚೊಂಬು ಇಟ್ಟು ಬರಬೇಕಿತ್ತು. ಒಳಗಿನ ಕೆಮ್ಮಣ್ಣು ಹೇಗಿದೆಯೆಂದು ನಾನು ಇವತ್ತಿಗೂ ನೋಡಿಲ್ಲ.

ಇನ್ನೊಂದು ಪ್ರಸಂಗ ಹೇಳಿದರೆ ನನ್ನ ಮಾತು ಮುಗಿಯುತ್ತದೆ. ಯುದ್ಧ ಮುಗಿದ ಮೇಲಿನ ದಿನಗಳು, ಫುನಾಕೋಶಿಯವರಿಗೆ ಎಂಬತ್ತರ ಹತ್ತಿರ ವಯಸ್ಸು. ರಾತ್ರಿ ಮನೆಗೆ ನಡೆದು ಬರುವಾಗ ಒಬ್ಬ ಅಡ್ಡಗಟ್ಟಿ ಹೊಡೆಯಲು ಬಂದ. ಮುದುಕರು ಬಗ್ಗಿ ತಪ್ಪಿಸಿಕೊಂಡು, ಅವನು ಅಲುಗಾಡಲಾರದಂಥ ಜಾಗದಲ್ಲಿ ಬಲವಾಗಿ ಹಿಡಿದರು. ಪೊಲೀಸಿನವನು ಬಂದ, ಕಳ್ಳನನ್ನು ಒಪ್ಪಿಸಿದರು. ಸಂಗತಿ ಇಷ್ಟೇ. ಆದರೆ ಅದನ್ನು ಬರೆಯುವಾಗ ಅವರಿಗೆ ಹೆಮ್ಮೆಯಿಲ್ಲ, ನಾಚಿಕೆಯಿದೆ. ಹುಡುಗರಿಗೆ ಯಾವುದನ್ನು ಮಾಡಬೇಡಿ ಎಂದು ಹೇಳುತ್ತ ಬಂದೆನೋ ಅದನ್ನೇ ತಾನು ಮಾಡಿದೆ ಎಂದು ಒಪ್ಪಿಕೊಳ್ಳುತ್ತಾರೆ. ಅವನು ಯುದ್ಧದಿಂದ ಬಂದು ಕೆಲಸವಿಲ್ಲದೆ ಅಲೆಯುತ್ತಿದ್ದವನೋ ಏನೋ ಎಂದು ಮರುಗುತ್ತಾರೆ. ನಾನು ಓದಿದ ಆತ್ಮಕಥೆಗಳಲ್ಲಿ ಇಂಥ ಒಪ್ಪಿಗೆ ಕಡಿಮೆ. ಇಡೀ ಪುಸ್ತಕದಲ್ಲಿ ಅವರು ನನಗೆ ಬಹಳ ದೊಡ್ಡವರಾಗಿ ಕಂಡದ್ದು ಇಲ್ಲೇ.

ಇಲ್ಲೇ ನನ್ನ ಕೈ ಮತ್ತೆ ಕಚ್ಚತೊಡಗಿತು. ಅವರ ಪಶ್ಚಾತ್ತಾಪವನ್ನು ಅವರೇ ಬರೆದುಕೊಂಡರು. ಯಾರೂ ಕಚೇರಿಯಲ್ಲಿ ಕುಳಿತು ಬರೆಸಲಿಲ್ಲ, ಬೇರೆಯವರ ಅಕ್ಷರದಲ್ಲಿ ಬರೆಯಲಿಲ್ಲ. ನಮ್ಮ ಹುಡುಗಿ ಅರ್ಧ ಗಂಟೆ ಪೆನ್ನು ಹಿಡಿದು ಕುಳಿತೂ ಒಂದು ಸಾಲು ಬರೆಯದೆ ಇದ್ದದ್ದು ಮೊಂಡುತನದಿಂದ ಎಂದು ಅವತ್ತು ಎಲ್ಲರೂ ತಿಳಿದೆವು. ಮಾಡಿದ್ದು ತಪ್ಪೆಂದು ಅವಳ ಮನಸ್ಸಿಗೆ ಅನ್ನಿಸಿರಲಿಲ್ಲ, ಅನ್ನಿಸದ್ದನ್ನು ಬರ��ಯಲಿಲ್ಲ. ಬರಿಮನಸ್ಸು, ಸುಳ್ಳಿಲ್ಲದ ಮನಸ್ಸು ಎಂದು ಮೇಷ್ಟ್ರು ಯಾವುದನ್ನು ಕರೆದರೋ ಅದು ಆ ಕೋಣೆಯಲ್ಲಿ ಅವಳೊಬ್ಬಳ ಹತ್ತಿರ ಇತ್ತೇನೋ. ಇತ್ತ ನಾನು ದುಂಡಗಿನ ಅಕ್ಷರದಲ್ಲಿ "ಇನ್ನು ಮುಂದೆ ಇಂಥ ವರ್ತನೆ ತೋರುವುದಿಲ್ಲ" ಎಂದು ಬರೆಯುತ್ತಿದ್ದೆ.

ಹೋದ ವರ್ಷ ಹೆಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಮೊದಲು ಗುರುತೇ ಸಿಗಲಿಲ್ಲ. ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ರಾತ್ರಿ ಪಾಳಿ ಮುಗಿಸಿ ಊರಿಗೆ ಹೊರಟಿದ್ದಳು. "ಚೆನ್ನಾಗಿದೀರಾ ಮಿಸ್?" ಎಂದು ಕಾಲು ಮುಟ್ಟಲು ಬಗ್ಗಿದಳು. ಕರಾಟೆ ಇನ್ನೂ ಇದೆಯೇ ಎಂದೆ. "ಎಲ್ಲಿ ಮಿಸ್, ಟೈಮೇ ಇಲ್ಲ. ಆದ್ರೆ ವಾರ್ಡಲ್ಲಿ ಕೂಗೋದು ಮಾತ್ರ ನಂದೇ ಜಾಸ್ತಿ" ಎಂದು ನಕ್ಕಳು. ಬಸ್ಸು ಬರುವುದರೊಳಗೆ ಹೇಳಿಬಿಡಬೇಕೆಂದು, "ಆವತ್ತು ಆ ಪತ್ರ ನಾನು ಬರ್ಕೊಡಬಾರದಿತ್ತು ಕಣಮ್ಮ" ಎಂದೆ.

"ಯಾವ ಪತ್ರ ಮಿಸ್?" ಎಂದಳು. ಆಮೇಲೆ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದನ್ನ ನಾನು ಓದ್ಲೇ ಇಲ್ಲ ಮಿಸ್. ಸೈನ್ ಮಾಡು ಅಂದ್ರಿ, ಮಾಡಿದೆ" ಎಂದಳು. ಕುಣಿಗಲ್ ಕಡೆಯ ಬಸ್ಸು ಬಂತು, ಚೀಲವನ್ನು ಹೆಗಲಿಗೇರಿಸಿ ಹತ್ತಿದಳು.